ತಿದ್ದಲಾಗದ ಶಿಕ್ಷೆ ಬೇಡ



ಘೋರ ಕೊಲೆಯ ಸುದ್ದಿ ಬಂದಾಗಲೆಲ್ಲ ನಮ್ಮ ಲೈನ್ ಮನೆಗಳಲ್ಲಿ “ಅಂಥವನನ್ನು ನೇಣಿಗೆ ಹಾಕಬೇಕು” ಎಂಬ ಮಾತು ಏಳುತ್ತದೆ. ಆ ಕೋಪ ಸಹಜವೇ. ಆದರೆ ಸರ್ಕಾರವು ನಮ್ಮೆಲ್ಲರ ಹೆಸರಿನಲ್ಲಿ ಒಬ್ಬನ ಪ್ರಾಣ ತೆಗೆಯುವುದು ನ್ಯಾಯವೇ ಎಂಬುದನ್ನು ನಮ್ಮ ಬೆಟ್ಟಗಳ ಅನುಭವದಿಂದಲೇ ಯೋಚಿಸೋಣ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟಿದ್ದ ಸಿಡಿಮದ್ದಿಗೆ 22 ಮಂದಿ ಬಲಿಯಾದರು. ಟಾಡಾ ಕಾಯಿದೆಯಡಿ ಬೆಟ್ಟದ ಹಳ್ಳಿಗಳ ನೂರಕ್ಕೂ ಹೆಚ್ಚು ಜನ ಮೈಸೂರು ಜೈಲು ಸೇರಿದರು. 2001ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯವು ಅವರಲ್ಲಿ ಬಹುಪಾಲು ಜನರನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದಿದ್ದವು. ಪೊಲೀಸ್ ಕಾರ್ಯಪಡೆಯಿಂದ ನೊಂದ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಹೇಳಿತು.

ಪಾಲಾರ್ ಪ್ರಕರಣದಲ್ಲಿ ನಾಲ್ವರಿಗೆ ಮೈಸೂರಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಅವರು ಮೇಲ್ಮನವಿ ಹೋದರೆ, 2004ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಹಾಗೆಯೇ ಇದ್ದು 2013ರಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಅವರ ಗಲ್ಲಿಗೆ ಕೊನೆಯ ಗಳಿಗೆಯಲ್ಲಿ ತಡೆ ಬಂತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ವಿಳಂಬ ಮಾಡಿ ನೇಣಿಗೆ ಹಾಕುವುದು ಸರಿಯಲ್ಲವೆಂದು, ಮತ್ತೆ ಜೀವಾವಧಿಗೆ ಇಳಿಸಿತು. ಅಪರಾಧ ಒಂದೇ, ಮನುಷ್ಯರು ಅವರೇ. ತೀರ್ಪು ಮಾತ್ರ ಮೂರು ಸಲ ಬೇರೆ ಬೇರೆ. ಒಂದು ಜೀವ ಇಂಥ ತಕ್ಕಡಿಯಲ್ಲಿ ತೂಗಬೇಕೇ?

ತೋಟದಲ್ಲಿ ಒಬ್ಬನನ್ನು ಕೆಲಸದಿಂದ ತೆಗೆದರೆ ನಾವು ವಿಚಾರಣೆ ಕೇಳುತ್ತೇವೆ. ತಪ್ಪು ನಡೆದಿದ್ದರೆ ಹಿಂದಿನ ಸಂಬಳದೊಡನೆ ಕೆಲಸ ಮರಳಿ ಕೊಡಿಸಬಹುದು. ಜೈಲಿನಲ್ಲಿದ್ದವನನ್ನೂ ಬಿಡಿಸಬಹುದು. ನೇಣಿಗೇರಿಸಿದವನಿಗೆ ಏನನ್ನು ಮರಳಿ ಕೊಡುವುದು? ಒಳ್ಳೆಯ ವಕೀಲನನ್ನು ಇಡಲಾರದ ಬಡವನಿಗೇ ಈ ಅಪಾಯ ಹೆಚ್ಚು.

“ಸತ್ತವರ ಮನೆಯವರ ಗತಿಯೇನು?” ಎಂದು ಕೇಳುವಿರಿ. ಕೇಳಲೇಬೇಕಾದ ಪ್ರಶ್ನೆ. 2000ನೇ ಇಸವಿ ಜುಲೈ 30ರಂದು ನಮ್ಮ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ಒಯ್ದ ವೀರಪ್ಪನ್, ಟಾಡಾ ಕೈದಿಗಳನ್ನು ಬಿಡಬೇಕೆಂದನು. ಸರ್ಕಾರ ಒಪ್ಪಿತು. ಆಗ 1992ರಲ್ಲಿ ಆ ಗುಂಪಿಗೆ ಬಲಿಯಾದ ಎಸ್.ಐ. ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಆ ಬಿಡುಗಡೆಯನ್ನು ನಿಲ್ಲಿಸಿದರು. ಬೆದರಿಕೆಗೆ ಮಣಿದು ಕೇಸು ಕೈಬಿಡುವುದು ನ್ಯಾಯವಲ್ಲ. ಸಾಕ್ಷ್ಯ ನೋಡಿ ತೀರ್ಪಾಗಬೇಕು. ಮಗನನ್ನು ಕಳೆದುಕೊಂಡ ತಂದೆಗೆ ಸರ್ಕಾರ ಕೊಡಬೇಕಾದದ್ದು ಅದನ್ನೇ: ನಿಜವಾದ ತನಿಖೆ, ಬೇಗನೆ ತೀರ್ಪು, ತಪ್ಪಿತಸ್ಥನಿಗೆ ಕಠಿಣ ಸೆರೆವಾಸ, ಮನೆಯವರಿಗೆ ಜೀವನಾಧಾರ.

ಕಾಯಿನನು ತಮ್ಮನನ್ನು ಕೊಂದಾಗ ದೇವರು ಅವನನ್ನು ಶಿಕ್ಷಿಸಿದನು; ಆದರೆ ಯಾರೂ ಅವನನ್ನು ಕೊಲ್ಲದಂತೆ ಗುರುತನ್ನೂ ಇಟ್ಟನು. ಶಿಕ್ಷೆ ಬೇರೆ, ಸೇಡು ಬೇರೆ. ಮುಂದಿನ ಸಲ “ನೇಣಿಗೆ ಹಾಕಿ” ಎಂಬ ಕೂಗು ಎದ್ದಾಗ, ಮೈಸೂರು ಜೈಲಿನಿಂದ ಬರಿಗೈಯಲ್ಲಿ ಊರಿಗೆ ಮರಳಿದವರನ್ನು ನೆನೆಯಿರಿ. ಅವರು ಮರಳಿದ್ದು ಜೀವಂತ ಇದ್ದುದರಿಂದ.