ತಾಯಂದಿರ ಮೌನವ್ಯಾಧಿ

ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡವನ್ನೆತ್ತಿದರೆ ಮೂತ್ರವು ತಡೆಯಿಲ್ಲದೆ ಸೋರುವುದೆಂಬ ಸಂಗತಿಯನ್ನು ನಮ್ಮ ಎಷ್ಟೋ ಮಂದಿ ತಾಯಂದಿರು ಗಂಡನಿಗೂ ಹೇಳರು, ವೈದ್ಯರಿಗೂ ಹೇಳಲೊಲ್ಲರು. ಮದುವೆಮನೆಗೆ ಹೋಗುವುದನ್ನು ಬಿಡುವರು. ಬಸ್ಸಿನ ಪ್ರಯಾಣವನ್ನು ಬಿಡುವರು. ಕಡೆಗೆ ನೀರು ಕುಡಿಯುವುದನ್ನೇ ಕಡಿಮೆಮಾಡುವರು. ಈ ಕಡೆಯದು ಉಪಾಯವೇ ಅಲ್ಲ. ಗಟ್ಟಿಯಾದ ಮೂತ್ರವು ಕೋಶವನ್ನು ಕೆರಳಿಸಿ ಬಾಧೆಯನ್ನು ಹೆಚ್ಚಿಸಬಲ್ಲುದು.

ಹೆತ್ತವಳಿಗೆ ಇದು ಸಹಜವೆಂದು ಹಿರಿಯ ಹೆಂಗಸರು ಸಮಾಧಾನ ಹೇಳುವುದುಂಟು. ಸಾಮಾನ್ಯವೆಂಬುದು ನಿಜ, ಸಹಿಸಲೇಬೇಕೆಂಬುದು ನಿಜವಲ್ಲ. ಹೆರಿಗೆಯಿಂದ ಸಡಿಲಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲರು 1948ರಲ್ಲಿಯೇ ಪ್ರಕಟಿಸಿದರು. ಕಾಸಿನ ಖರ್ಚಿಲ್ಲ, ಕುಳಿತಲ್ಲಿಯೇ ಮಾಡಬಹುದು. ಆದರೆ ಬಲ್ಲವರಿಂದ ಕಲಿತು ಮೂರು ತಿಂಗಳಾದರೂ ಬಿಡದೆ ಸಾಧಿಸತಕ್ಕದ್ದು. ಅದರಿಂದ ಗುಣವಾಗದವರಿಗೆ ಬೇರೆ ಚಿಕಿತ್ಸೆಗಳೂ ಉಂಟು. ಕಷ್ಟದ ಹೆರಿಗೆಯ ತರುವಾಯ ಹಗಲಿರುಳೂ ಸೋರುತ್ತಿದ್ದರೆ ಮಾತ್ರ ಕೋಶದಲ್ಲಿ ರಂಧ್ರವಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೆಂಗಸರು ಬಾಯಿಬಿಡಲಿಲ್ಲವೆಂದು ದೂರುವುದು ಸುಲಭ. ಹತ್ತು ಜನರೆದುರು, ಜೊತೆಗೆ ಬಂದ ಮೈದುನನೆದುರು ಯಾವ ಮಾನವಂತೆ ಬಾಯಿಬಿಟ್ಟಾಳು? ಬಾಣಂತಿಯ ತಪಾಸಣೆಯ ದಿನ ಪರದೆಯ ಮರೆಯಲ್ಲಿ ದಾದಿಯೇ ಮುಂದಾಗಿ ಈ ಪ್ರಶ್ನೆಯನ್ನು ಕೇಳುವ ಏರ್ಪಾಡನ್ನು ಎಲ್ಲ ಆಸ್ಪತ್ರೆಗಳಲ್ಲಿಯೂ ಮಾಡಬೇಕೆಂದು ಆರೋಗ್ಯಾಧಿಕಾರಿಗಳನ್ನು ನಾವು ಒತ್ತಾಯಪಡಿಸುತ್ತೇವೆ.