ಇರುವೆಯ ಸಾಲು

ಬೇಳೆ ಬೇಯುವ ಮೊದಲೇ ಹುಣಿಸೆಯ ರಸ ಸುರಿದರೆ ಬೇಳೆ ಬೇಯದೆಂಬುದನ್ನು ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಸಾಮಗ್ರಿ ಅದೇ, ಒಲೆ ಅದೇ. ಸರದಿ ತಪ್ಪಿತೋ, ಹುಳಿ ಕೆಟ್ಟಿತು. ಅಡಿಗೆಯ ಪುಸ್ತಕದಲ್ಲಿ ಹುಳಿಯ ಪುಟ ಮೊದಲೂ ಹುಳಿಪುಡಿಯ ಪುಟ ಕೊನೆಯಲ್ಲೂ ಇದ್ದರೇನು? ಪುಡಿಯನ್ನೇ ಮೊದಲು ಮಾಡಿಕೊಳ್ಳುತ್ತಾರೆ. ಬರೆದ ಕ್ರಮ ಬೇರೆ, ಮಾಡುವ ಕ್ರಮ ಬೇರೆ. ಈ ವಿವೇಕವನ್ನು ಗಣಕಯಂತ್ರಕ್ಕೆ ಕಲಿಸುವ ಪರಿ ಸ್ವಾರಸ್ಯಕರವಾದುದು.

ಜಾವಾ ಭಾಷೆಯಲ್ಲಿ ಬರೆದ ಕಾರ್ಯಕ್ರಮವು ಬಳಸುವವರ ಕೈಸೇರುವ ಮುನ್ನ ಅದನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸಬೇಕು, ಪರೀಕ್ಷಿಸಬೇಕು, ಕಟ್ಟು ಕಟ್ಟಬೇಕು. ಇವನ್ನು ತಾನಾಗಿ ನಡೆಸುವ ‘ಮೇಕ್’ ಎಂಬ ಸಾಧನವನ್ನು ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಸ್ಟುಅರ್ಟ್ ಫೆಲ್ಡ್‌ಮನ್ 1976ರಲ್ಲೇ ರಚಿಸಿದ್ದರು. ಅದರಲ್ಲಿ ಅಪ್ಪಣೆಯ ಸಾಲು ‘ಟ್ಯಾಬ್’ ಎಂಬ ಕಣ್ಣಿಗೆ ಕಾಣದ ಅಕ್ಷರದಿಂದಲೇ ಆರಂಭವಾಗಬೇಕು. ಆ ಸ್ಥಳದಲ್ಲಿ ಬರಿಯ ಖಾಲಿಜಾಗ ಬಿದ್ದರೆ ನೋಡುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಮಾತ್ರ ಅಲ್ಲ. ಕೆಲವೇ ವಾರಗಳಲ್ಲಿ ಈ ದೋಷ ಫೆಲ್ಡ್‌ಮನ್‌ರಿಗೇ ತಿಳಿದಿತ್ತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ, ಬಹುಪಾಲು ಸ್ನೇಹಿತರೇ, ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟರು. ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಸಾವಿರಾರು ಮಂದಿ ದಂಡ ತೆತ್ತರು!

ಹಾಗೆ ಬೇಸತ್ತವರಲ್ಲಿ ಸನ್ ಸಂಸ್ಥೆಯ ಜೇಮ್ಸ್ ಡಂಕನ್ ಡೇವಿಡ್‌ಸನ್ ಒಬ್ಬರು. ‘ಟಾಮ್‌ಕ್ಯಾಟ್’ ಎಂಬ ಕಾರ್ಯಕ್ರಮವನ್ನು ಕಟ್ಟಲೆಂದು ಅವರು ಹೊಸದೊಂದು ಸಾಧನವನ್ನೇ ಬರೆದುಕೊಂಡರು. ಅದು ‘ಆಂಟ್’, ಅಂದರೆ ಇರುವೆ. ‘ಇನ್ನೊಂದು ಅಚ್ಚುಕಟ್ಟಾದ ಸಾಧನ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಹೆಸರದು. 2000ದ ಜುಲೈ ತಿಂಗಳಲ್ಲಿ ಅಪಾಚೆ ಪ್ರತಿಷ್ಠಾನ ಅದನ್ನು ಪ್ರತ್ಯೇಕವಾಗಿ ಹೊರತಂದಿತು. ಅದರ ಅಪ್ಪಣೆಗಳೆಲ್ಲವೂ 1998ರಲ್ಲಿ ಮಾನ್ಯತೆ ಪಡೆದ ಎಕ್ಸ್‌ಎಂಎಲ್ ಬರೆಹದಲ್ಲಿ, ‘ಟ್ಯಾಗ್’ ಎಂಬ ಗುರುತುಚೀಟಿಗಳ ನಡುವೆ ಇರುತ್ತವೆ.

ಪ್ರತಿಯೊಂದು ಕಾರ್ಯಕ್ಕೂ ‘ಟಾರ್ಗೆಟ್’ ಎಂಬ ಚೀಟಿ. ಅದರೊಳಗಿನ ಕೆಲಸಗಳು ಬರೆದ ಕ್ರಮದಲ್ಲಿಯೇ ನಡೆಯುತ್ತವೆ. ಕೆಲವನ್ನು ಏಕಕಾಲಕ್ಕೆ ನಡೆಸಬೇಕೆಂದರೆ ‘ಪ್ಯಾರಲಲ್’ ಎಂಬ ಚೀಟಿಯೊಳಗಿರಿಸಬೇಕು. ಟಾರ್ಗೆಟ್‌ಗಳಿಗಾದರೋ ಕಡತದಲ್ಲಿ ಹಿಂದುಮುಂದು ಎಂಬುದಿಲ್ಲ. ತಾನು ಯಾರನ್ನು ಅವಲಂಬಿಸಿರುವೆನೆಂದು ‘ಡಿಪೆಂಡ್ಸ್’ ಎಂಬ ಕಡೆ ಪ್ರತಿಯೊಂದೂ ಹೇಳಿಕೊಳ್ಳುತ್ತದೆ. ಕೊನೆಯ ಗುರಿಯನ್ನು ಹೆಸರಿಸಿದರೆ ಸಾಕು, ಆಂಟ್ ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಓದುತ್ತ, ಒಂದೊಂದರ ಅಗತ್ಯಗಳನ್ನೂ ಮೊದಲು ಪೂರೈಸಿ ಮುಂದೆ ಸಾಗುತ್ತದೆ. ಒಮ್ಮೆ ಮಾಡಿದ್ದನ್ನು ಆ ಸುತ್ತಿನಲ್ಲಿ ಮತ್ತೆ ಮಾಡುವುದಿಲ್ಲ. ಎರಡು ಕಾರ್ಯಗಳು ಪರಸ್ಪರ ಕಾಯುವಂತೆ ಬರೆದಿದ್ದರೆ ಕೆಲಸಕ್ಕೇ ಕೈಹಾಕದು.

ಅಪಾಯವಿರುವುದು ಇಲ್ಲಿಯೇ. ‘ಪರೀಕ್ಷೆ’ ಮತ್ತು ‘ಕಟ್ಟು’ ಎರಡೂ ‘ಅನುವಾದ’ವನ್ನು ಅವಲಂಬಿಸಿವೆಯೆನ್ನೋಣ. ಅನುವಾದದ ಕೋಶದಲ್ಲಿರುವುದನ್ನೆಲ್ಲ ಅಳಿಸುವ ‘ಶುದ್ಧಿ’ ಎಂಬುದೂ ಒಂದಿದೆ. ‘ಎಲ್ಲ’ ಎಂಬ ಗುರಿಗೆ ‘ಪರೀಕ್ಷೆ, ಶುದ್ಧಿ, ಕಟ್ಟು’ ಎಂದು ಯಾರೋ ಬರೆದರು. ಪರೀಕ್ಷೆಗಾಗಿ ಅನುವಾದ ಆಯಿತು, ಪರೀಕ್ಷೆಯೂ ಮುಗಿಯಿತು. ಶುದ್ಧಿ ಬಂದು ಎಲ್ಲವನ್ನೂ ಗುಡಿಸಿತು. ಕಟ್ಟಿನ ಸರದಿ ಬಂದಾಗ ‘ಅನುವಾದ ಆಗಲೇ ಆಗಿದೆ’ ಎಂದು ಆಂಟ್ ಅದನ್ನು ಬಿಟ್ಟೇಬಿಡುತ್ತದೆ. ಹೊರಬಿದ್ದದ್ದು ಬರಿಯ ಪೊಟ್ಟಣ. ತೆರೆಯ ಮೇಲೆ ಮಾತ್ರ ‘ಕಾರ್ಯ ಸಫಲ’ ಎಂಬ ಘೋಷಣೆ! ಪೊಟ್ಟಣ ಗಿರಾಕಿಯ ಕೈಸೇರಿದ ಮೇಲಷ್ಟೇ ಪೇಚಾಟದ ಆರಂಭ.

ಇನ್ನೊಂದು ಚಮತ್ಕಾರವೂ ಉಂಟು. ‘ಇಂತಹುದಿದ್ದರೆ ಮಾತ್ರ ಮಾಡು’ ಎಂಬ ನಿಬಂಧನೆಯನ್ನು ಟಾರ್ಗೆಟ್‌ಗೆ ಹಾಕಬಹುದು. ಆದರೆ ಅದರ ಅವಲಂಬನಗಳೆಲ್ಲ ನಡೆದಾದ ಮೇಲೆಯೇ ಆಂಟ್ ನಿಬಂಧನೆಯನ್ನು ನೋಡುವುದು. ಅತಿಥಿಗಳು ಬಂದರೆ ಮಾತ್ರ ಪಾಯಸವೆಂದಿದ್ದರೂ, ಅವರು ಬಂದರೇ ಎಂದು ಬಾಗಿಲಲ್ಲಿ ಇಣುಕುವುದು ಶಾವಿಗೆ ಹುರಿದಾದ ಮೇಲೆ!

ಮೂಲದೋಷ ಯಾವುದೆಂದರೆ, ‘ಇದು ನನಗೆ ಬೇಕು’ ಎಂಬುದೂ ‘ಇದಾದ ಮೇಲೆ ನಾನು’ ಎಂಬುದೂ ಒಂದೇ ಮಾತಲ್ಲ. ಅನುವಾದಕ್ಕೆ ಶುದ್ಧಿ ಬೇಕಿಲ್ಲ. ಶುದ್ಧಿ ನಡೆಯುವುದಾದರೆ ಮೊದಲು ನಡೆಯಲಿ ಎಂದಷ್ಟೆ. ಡಿಪೆಂಡ್ಸ್ ಎಂಬ ಒಂದೇ ಪದ ಎರಡು ಭಾರಗಳನ್ನೂ ಹೊರಬೇಕಾಯಿತು. ಮುಂದೆ ಬಂದ ‘ಗ್ರೇಡಲ್’ ಎಂಬ ಸಾಧನ ಎಕ್ಸ್‌ಎಂಎಲನ್ನು ತೊರೆದದ್ದಲ್ಲದೆ ಅಗತ್ಯಕ್ಕೊಂದು, ಸರದಿಗೊಂದು ಎಂದು ಬೇರೆ ಬೇರೆ ಪದಗಳನ್ನೇ ಇರಿಸಿತು.

ಆಂಟನ್ನೇ ನೆಚ್ಚಿರುವವರು ಶುದ್ಧಿಯನ್ನು ಪಟ್ಟಿಯ ತಲೆಯಲ್ಲಿಡುತ್ತಾರೆ. ಅಷ್ಟಕ್ಕೂ ಸಂಶಯವಿದ್ದರೆ ‘ವರ್ಬೋಸ್’ ಎಂಬ ಸೂಚನೆ ಕೊಟ್ಟು ನಡೆಸಬಹುದು. ಆಗ ಟಾರ್ಗೆಟ್‌ಗಳಿಗೆ ಕೈಹಾಕುವ ಮುನ್ನವೇ, ಯಾವುದರ ನಂತರ ಯಾವುದನ್ನು ಮಾಡಲಿರುವೆನೆಂದು ಆಂಟ್ ತಾನೇ ಸಾಲಾಗಿ ಬರೆದು ತೋರಿಸುತ್ತದೆ.