ಸ್ಟ್ರಿಪ್ ಎಂಬ ತಿಂಗಳ ಕಂದಾಯ

ಗ್ಲುಕೋಮೀಟರ್ ಕೊಂಡರೆ 25 ಸ್ಟ್ರಿಪ್ ಉಚಿತ ಎಂಬ ಜಾಹೀರಾತು ನೋಡಿ ಖುಷಿಪಡುವವರು ಲೆಕ್ಕ ಶುರು ಮಾಡಬೇಕಾದ್ದು 26ನೆಯದರಿಂದ. ಒಂದು ಕಂಪನಿಯ ಮೀಟರ್‌ಗೆ ಇನ್ನೊಂದರ ಸ್ಟ್ರಿಪ್ ಕೂರುವುದಿಲ್ಲ. ಅಲ್ಲಿಂದಾಚೆ ಡಬ್ಬಿಯ ಮೇಲೆ ಅಚ್ಚಾದದ್ದೇ ಬೆಲೆ. 2025ರ ಸೆಪ್ಟೆಂಬರ್‌ನಲ್ಲಿ ಸ್ಟ್ರಿಪ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಸಂತೋಷ. ಆದರೆ ಒಂದೇ ಕಂಪನಿಗೆ ಕಟ್ಟಿಹಾಕುವ ಬೀಗ ಹಾಗೇ ಇದೆ.

ಸಂಶೋಧನೆಗೆ ಖರ್ಚಾಗುತ್ತದೆ ಎಂಬುದು ಕಂಪನಿಗಳ ಸಿದ್ಧ ಉತ್ತರ. ಒಳಗೇನಿದೆ ನೋಡೋಣ. ಕಿಣ್ವ ಕೂರಿಸಿದ ಎಲೆಕ್ಟ್ರೋಡಿನ ಉಪಾಯವನ್ನು ಕ್ಲಾರ್ಕ್ ಮತ್ತು ಲಯನ್ಸ್ 1962ರಲ್ಲೇ ಮಂಡಿಸಿದ್ದರು. ಕಿಣ್ವವು ಗ್ಲುಕೋಸ್‌ನಿಂದ ಕಿತ್ತ ಎಲೆಕ್ಟ್ರಾನನ್ನು ಎಲೆಕ್ಟ್ರೋಡಿಗೆ ಮುಟ್ಟಿಸಲು ಅನೇಕ ಸ್ಟ್ರಿಪ್‌ಗಳಲ್ಲಿ ಬಳಸಿದ್ದು ಫೆರಿಸಯನೈಡ್, ಅಂದರೆ ಕಬ್ಬಿಣದ ಲವಣ. ಅದರ ದಾಯಾದಿ ಪ್ರಷ್ಯನ್ ನೀಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಅಕಸ್ಮಾತ್ತಾಗಿ ಸಿಕ್ಕ, ಚಿತ್ರಕಾರರ ಬಣ್ಣ. ಕಿಣ್ವ ಹುಟ್ಟಿಸುವ ಹೈಡ್ರೋಜನ್ ಪೆರಾಕ್ಸೈಡನ್ನು ಅದು ಸೊನ್ನೆ ವೋಲ್ಟಿನ ಆಸುಪಾಸಿನಲ್ಲೇ ಹಿಡಿಯಬಲ್ಲದು. ಬರೀ ಪ್ಲಾಟಿನಂಗೆ ಸುಮಾರು 0.6 ವೋಲ್ಟ್ ಬೇಕು, ಅಷ್ಟು ಕೊಟ್ಟರೆ ರಕ್ತದಲ್ಲಿರುವ ವಿಟಮಿನ್ ಸಿ, ಪ್ಯಾರಾಸಿಟಮಾಲ್ ಕೂಡ ಸಕ್ಕರೆ ಲೆಕ್ಕಕ್ಕೆ ಜಮೆಯಾಗುತ್ತವೆ. ಜಾಣ ರಸಾಯನಶಾಸ್ತ್ರ, ಅನುಮಾನವಿಲ್ಲ. ಆದರೆ ಆ ಕೆಲಸ ಮಾಡುವುದು ಚಿನ್ನವಲ್ಲ, ಕಬ್ಬಿಣ.

ಯಾವ ಸ್ಟ್ರಿಪ್ಪನ್ನು ಯಾವ ಮೀಟರ್‌ಗಾದರೂ ಹಾಕಿದರೆ ರೀಡಿಂಗ್ ಎಡವಟ್ಟಾಗಿ ಜೀವಕ್ಕೇ ಕುತ್ತು ಎನ್ನುತ್ತಾರೆ. ಇಂದಿನ ಮೀಟರ್‌ಗಳ ಮಟ್ಟಿಗೆ ನಿಜ. ಆದರೆ ಬೀಗದಿಂದಲೇ ಸುರಕ್ಷತೆ ಬರುವುದಾಗಿದ್ದರೆ ಅಮೆರಿಕದ ಎಫ್‌ಡಿಎ 2009ರಲ್ಲಿ ಒಂದು ಎಚ್ಚರಿಕೆ ಕೊಡಬೇಕಾಗಿರಲಿಲ್ಲ. ಒಂದು ಬಗೆಯ ಕಿಣ್ವದ ಸ್ಟ್ರಿಪ್‌ಗಳು ಕೆಲವು ಡಯಾಲಿಸಿಸ್ ದ್ರವ ಮುಂತಾದವುಗಳಿಂದ ರಕ್ತಕ್ಕೆ ಸೇರಿದ ಮಾಲ್ಟೋಸನ್ನೂ ಗ್ಲುಕೋಸ್ ಎಂದೇ ಎಣಿಸಿ, ಇಲ್ಲದ ಸಕ್ಕರೆ ತೋರಿಸಿದ್ದವು. ಅದಕ್ಕೆ ತಳಕು ಹಾಕಿಕೊಂಡ 13 ಸಾವುಗಳು ವರದಿಯಾಗಿದ್ದವು. ಕೈಕೊಟ್ಟದ್ದು ಒಳಗಿನ ಕಿಣ್ವ, ಸ್ಟ್ರಿಪ್ ಅದಲುಬದಲಾದದ್ದಲ್ಲ.

ನಮ್ಮಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತ್ತು. ದುಡ್ಡು ಉಳಿಸಲು ವಾರಕ್ಕೊಮ್ಮೆ ಬೆರಳು ಚುಚ್ಚಿಕೊಳ್ಳುವವರ ಪಾಡು ನೋಡಿ: ಕೆಲವು ಬ್ರಾಂಡ್‌ಗಳಲ್ಲಿ ಮುಚ್ಚಳ ತೆಗೆದ ಮೂರೇ ತಿಂಗಳಿಗೆ ಸ್ಟ್ರಿಪ್ ಅವಧಿ ಮುಗಿಯುತ್ತದೆ. 50ರ ಡಬ್ಬಿಯಲ್ಲಿ ಮುಕ್ಕಾಲು ಪಾಲು ಕಸದ ಬುಟ್ಟಿಗೆ. ಉಳಿಸಿದ್ದೆಲ್ಲಿ ಬಂತು?

ಸರ್ಕಾರ ಸ್ಟ್ರಿಪ್‌ಗೆ ಗರಿಷ್ಠ ಬೆಲೆ ಕಟ್ಟಲಿ. ಹತ್ತರ ಪೊಟ್ಟಣ ಕಡ್ಡಾಯವಾಗಲಿ, ಅದರ ಮೇಲೆ ಯಾವ ಕಿಣ್ವ, ಯಾವ ಔಷಧಿ ತೆಗೆದುಕೊಂಡಾಗ ರೀಡಿಂಗ್ ತಪ್ಪುತ್ತದೆ ಎಂಬುದು ಕನ್ನಡದಲ್ಲಿ ಇರಲಿ. ಸರ್ಕಾರಿ ಆಸ್ಪತ್ರೆಗಳ ಟೆಂಡರ್‌ನಲ್ಲಿ ಯಾವ ಕಂಪನಿಯ ಸ್ಟ್ರಿಪ್ಪಾದರೂ ಕೂರುವ ಮುಕ್ತ ಮಾನದಂಡದ ಮೀಟರ್‌ಗೆ ಮೊದಲ ಮಣೆ ಹಾಕಿದರೆ, ಆಗದು ಎನ್ನುತ್ತಿರುವ ಕಂಪನಿಗಳೇ ಸಾಲುಗಟ್ಟಿ ಬರುತ್ತವೆ.